ಕ್ಯಾಂಪ್ ಮುಗಿದ ಮೇಲಿನ ಲೆಕ್ಕ

1/7
ಫೋಟೋದಲ್ಲಿ ಇರೋದು ಮೊಸಳೆ. ನೀರಲ್ಲಿರೋ ಮೊಸಳೆ ಅಲ್ಲ ಕಣ್ರಪ್ಪಾ, ಹಾಸನದಿಂದ ಹೊಳೆನರಸೀಪುರದ ಕಡೆ ಹೋದ್ರೆ ಸಿಗೋ ನಮ್ಮೂರ ಕಡೆಯ ಮೊಸಳೆ. ಪಕ್ಕಪಕ್ಕ ನಿಂತಿರೋ ಈ ಎರಡು ಗುಡಿಗಳಲ್ಲಿ ಒಂದು ನಾಗೇಶ್ವರನದು, ಇನ್ನೊಂದು ಚನ್ನಕೇಶವನದು. ಹೊಯ್ಸಳರ ಕಾಲದವು, ಸುಮಾರು 800 ವರ್ಷ ಹಳೆಯವು. ಅವಳಿ ಮಕ್ಕಳಂಗೆ ಕಾಣ್ತವೆ, ಯಾವುದು ಯಾವುದು ಅಂತ ಒಳಗೆ ಹೋಗಿ ನೋಡೋವರೆಗೂ ಗೊತ್ತಾಗಲ್ಲ.

ಆದ್ರೆ ಈ ಸಲ ಶಿಲ್ಪದ ಕಥೆ ಹೇಳ್ತಿಲ್ಲ. ನಮ್ಮ ಕಾಲೇಜುಗಳ ಎನ್‌ಎಸ್‌ಎಸ್ ಬಗ್ಗೆ ಬರೀತಿದ್ದೀನಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲೇ ಓದ್ತಿರಿ, ನಿಮ್ಮ ಕ್ಲಾಸಲ್ಲಿ ಎನ್‌ಎಸ್‌ಎಸ್‌ನೋರು ಇದ್ದೇ ಇರ್ತಾರೆ. ನೀವೇ ಆಗಿರಬಹುದು. ಗುಡಿ ಫೋಟೋ ಯಾಕೆ ಹಾಕಿದೆ ಅನ್ನೋದು 6ನೇ ಭಾಗದಲ್ಲಿ ಇದೆ. ಅಲ್ಲೀವರೆಗೂ ಸ್ವಲ್ಪ ತಾಳ್ಮೆ ಇರಲಿ.

2/7
ಮೊದಲು ಒಂದು ಪ್ರಶ್ನೆ. ಪಿಯುಸಿಗೋ ಡಿಗ್ರಿಗೋ ಸೇರೋಕೆ ಮುಂಚೆ ಒಂಬತ್ತು ತಿಂಗಳು ದೇಶಸೇವೆ ಮಾಡಲೇಬೇಕು ಅಂತ ಕಾನೂನು ಇದ್ದಿದ್ರೆ ಏನು ಮಾಡ್ತಿದ್ರಿ?

ತಮಾಷೆ ಅಲ್ಲ, ಅಂಥ ಸಲಹೆ ನಿಜವಾಗ್ಲೂ ಬಂದಿತ್ತು. 1959ರಲ್ಲಿ ಕೇಂದ್ರ ಸರ್ಕಾರ ಸಿ. ಡಿ. ದೇಶಮುಖ್ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಮಾಡಿತು. ಬಿಕಾಂನವರಿಗೆ ಈ ಹೆಸರು ಗೊತ್ತಿರಬೇಕು: ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್, ಆಮೇಲೆ ಹಣಕಾಸು ಮಂತ್ರಿ. ಹೈಸ್ಕೂಲ್ ಮುಗಿಸಿ ಕಾಲೇಜಿಗೆ ಹೋಗೋ ಎಲ್ಲರಿಗೂ ಒಂಬತ್ತು ತಿಂಗಳಿಂದ ಒಂದು ವರ್ಷ ಸೇವೆ ಕಡ್ಡಾಯ ಆಗಬೇಕು ಅಂತ ಆ ಸಮಿತಿ ಹೇಳ್ತು. ಎಷ್ಟು ದುಡ್ಡು ಬೇಕು, ಹೇಗೆ ನಡೆಸೋದು ಅಂತ ಯೋಚನೆ ಮಾಡಿದ ಮೇಲೆ ಸರ್ಕಾರ ಅದನ್ನ ಕೈಬಿಟ್ಟಿತು. 1960ರಲ್ಲಿ ಶಿಕ್ಷಣ ತಜ್ಞ ಕೆ. ಜಿ. ಸೈಯಿದೈನ್ ಬೇರೆ ದೇಶಗಳಲ್ಲಿ ಇದು ಹೇಗೆ ನಡೀತಿದೆ ಅಂತ ನೋಡಿ ವರದಿ ಕೊಟ್ರು. ಬಲವಂತ ಬೇಡ, ಇಷ್ಟ ಇದ್ದೋರು ಮಾಡಲಿ ಅನ್ನೋದು ಅವರ ಮಾತು.

ಅಷ್ಟರಲ್ಲಿ 1962ರ ಚೀನಾ ಯುದ್ಧ ಬಂತು. 1963ರಲ್ಲಿ ಕಾಲೇಜುಗಳಲ್ಲಿ ಎನ್‌ಸಿಸಿ ಕಡ್ಡಾಯ ಆಯ್ತು. ಕೆಲವೇ ವರ್ಷಕ್ಕೆ ಆ ಕಡ್ಡಾಯವನ್ನೂ ತೆಗೆದರು. ಪರೇಡ್ ಬೇಡ ಅನ್ನೋರಿಗೆ ಇನ್ನೊಂದು ದಾರಿ ಬೇಕಾಗಿತ್ತು.

3/7
ಆ ದಾರಿಯೇ ರಾಷ್ಟ್ರೀಯ ಸೇವಾ ಯೋಜನೆ. ಶುರುವಾಗಿದ್ದು 1969ರ ಸೆಪ್ಟೆಂಬರ್ 24, ಗಾಂಧೀಜಿ ಹುಟ್ಟಿ ನೂರು ವರ್ಷ ತುಂಬಿದ ವರ್ಷ. 37 ವಿಶ್ವವಿದ್ಯಾಲಯ, ಸುಮಾರು 40,000 ವಿದ್ಯಾರ್ಥಿಗಳು. ಉದ್ಘಾಟಿಸಿದ ಕೇಂದ್ರ ಶಿಕ್ಷಣ ಮಂತ್ರಿ ವಿ. ಕೆ. ಆರ್. ವಿ. ರಾವ್ ಅರ್ಥಶಾಸ್ತ್ರಜ್ಞರು. ಆಗ ಲೋಕಸಭೆಯಲ್ಲಿ ನಮ್ಮ ಬಳ್ಳಾರಿಯನ್ನ ಪ್ರತಿನಿಧಿಸ್ತಿದ್ದೋರು. ಬೆಂಗಳೂರಿನ ಐಸೆಕ್ ಸಂಸ್ಥೆ ಕಟ್ಟಿದೋರೂ ಅವರೇ.

ಮೊದಮೊದಲ ಕ್ಯಾಂಪುಗಳ ವಿಷಯ ನೋಡಿ: 1973ರಲ್ಲಿ ಬರಗಾಲದ ವಿರುದ್ಧ ಯುವಜನ. ಆಮೇಲೆ ಕೊಳಕು ಮತ್ತು ರೋಗದ ವಿರುದ್ಧ. ಆಮೇಲೆ ಗಿಡ ನೆಡೋದು, ಹಳ್ಳಿ ಕಟ್ಟೋದು. 1972–73ರ ಬರ ದೇಶದ ಎಷ್ಟೋ ಕಡೆ ಊರೂರನ್ನೇ ಒಣಗಿಸಿತ್ತು, ನಮ್ಮ ರಾಜ್ಯವನ್ನೂ ಬಿಡಲಿಲ್ಲ. ಆಗ ಈ ಹೆಸರುಗಳು ಬ್ಯಾನರ್ ಮೇಲಿನ ಬರೀ ಅಕ್ಷರ ಆಗಿರಲಿಲ್ಲ, ಊರಿಗೆ ಅದೇ ಬೇಕಾಗಿತ್ತು.

ಎನ್‌ಎಸ್‌ಎಸ್ ಬ್ಯಾಡ್ಜ್ ನೋಡಿದ್ದೀರಲ್ಲ? ಕೋನಾರ್ಕ್ ದೇವಸ್ಥಾನದ ರಥದ ಚಕ್ರ. ಅದರ ಎಂಟು ಅರಗಳು ದಿನದ 24 ಗಂಟೆ, ಅಂದ್ರೆ ಎಂಟು ಯಾಮ. ಅದು ತಿರುಗೋ ಚಕ್ರ ಅನ್ನೋದನ್ನ ನೆನಪಿಟ್ಕೊಳ್ಳಿ.

4/7
ಈಗ ನಮ್ಮ ಸಬ್ಜೆಕ್ಟಿಗೆ ಬರೋಣ, ಲೆಕ್ಕ.

ಎನ್‌ಎಸ್‌ಎಸ್ ಸ್ವಯಂಸೇವಕರು ಎರಡು ವರ್ಷದಲ್ಲಿ 240 ಗಂಟೆ ಕೆಲಸ ಮಾಡಬೇಕು, ವರ್ಷಕ್ಕೆ 120. ಅದನ್ನ ಹೀಗೆ ಹಂಚಿದ್ದಾರೆ: ಪರಿಚಯ, ತರಬೇತಿಗೆ 20. ಕಾಲೇಜಿನ ಒಳಗೆ 30. ಊರಿನ ಜನರ ಜೊತೆ 70. ಇದೆಲ್ಲ ವರ್ಷಪೂರ್ತಿಯ ಕೆಲಸ. ಏಳು ದಿನದ ವಿಶೇಷ ಶಿಬಿರ ಇದರ ಒಳಗೆ ಬರಲ್ಲ, ಅದು ಬೇರೆ.

ಇನ್ನೊಂದ್ಸಲ ಓದಿ. ಎನ್‌ಎಸ್‌ಎಸ್ ಅಂದ ತಕ್ಷಣ ನಮ್ಮ ತಲೆಗೆ ಬರೋದು ಕ್ಯಾಂಪು, ಕ್ಯಾಂಪ್‌ಫೈರು, ಕೊನೇ ದಿನದ ಗ್ರೂಪ್ ಫೋಟೋ. ಯೋಜನೆ ಮಾಡಿದೋರ ಲೆಕ್ಕದಲ್ಲಿ ಮಾತ್ರ ಊರಿನ ಜೊತೆಗಿನ 70 ಗಂಟೆಯೇ ದೊಡ್ಡ ಬಾಬ್ತು. ವಾರಕ್ಕೆ ಎರಡು ಗಂಟೆ ಅಂದ್ರೆ 35 ವಾರ ಅದೇ ಊರಿಗೆ ಹೋಗ್ಬೇಕು. ಅದಕ್ಕೇ ‘ದತ್ತು ಗ್ರಾಮ’ ಅನ್ನೋ ಪದ ಇಟ್ಟಿದ್ದು. ದತ್ತು ತಗೊಂಡ ಮಗೂನ ಏಳೇ ದಿನ ನೋಡ್ಕೊಂಡು ಬಿಟ್ಟು ಬರ್ತಾರಾ?

ಅಕೌಂಟೆನ್ಸಿ ಭಾಷೇಲಿ ಹೇಳೋದಾದ್ರೆ, ಆಸ್ತಿ ಮಾಡಿದ್ರೆ ಸಾಲದು, ಸವಕಳಿಯನ್ನೂ ಬರೀಬೇಕು. ಬಳಿದ ಸುಣ್ಣ ಉದುರುತ್ತೆ. ತೆಗೆದ ಚರಂಡಿ ಮತ್ತೆ ತುಂಬುತ್ತೆ. ನೆಟ್ಟ ಗಿಡ ಮೊದಲ ಬೇಸಿಗೇಲಿ ಒಣಗುತ್ತೆ. ಕ್ಯಾಂಪ್ ವರದಿಯಲ್ಲಿ ಎಷ್ಟು ಗಿಡ ನೆಟ್ವಿ ಅಂತ ಇರುತ್ತೆ. ಮುಂದಿನ ವರ್ಷ ಎಷ್ಟು ಉಳೀತು ಅನ್ನೋ ಕಾಲಮ್ಮೇ ಇರಲ್ಲ.

5/7
ತಿರುಗಿ ಹೋದ್ರೆ ಏನಾಗುತ್ತೆ ಅಂತ ತೋರಿಸೋ ದೊಡ್ಡ ಉದಾಹರಣೆ ಪೋಲಿಯೋ.

1905ರಲ್ಲಿ ಷಿಕಾಗೋದಲ್ಲಿ ಪಾಲ್ ಹ್ಯಾರಿಸ್ ಅನ್ನೋ ಲಾಯರು ಮೂರು ಜನ ಪರಿಚಯದವರ ಜೊತೆ ಕೂತು ಶುರು ಮಾಡಿದ್ದು ರೋಟರಿ. ಈಗ ತಾಲೂಕು ಊರುಗಳಲ್ಲೂ ಅದರ ಬೋರ್ಡ್ ಕಾಣುತ್ತೆ. 1979ರಲ್ಲಿ ರೋಟರಿ ಫಿಲಿಪೈನ್ಸ್ ಮಕ್ಕಳಿಗೆ ಪೋಲಿಯೋ ಲಸಿಕೆ ಕೊಡೋ ಕೆಲಸ ಹಿಡೀತು, 1985ರಲ್ಲಿ ಅದನ್ನ ಇಡೀ ಜಗತ್ತಿನ ಕೆಲಸ ಮಾಡ್ಕೊಂಡಿತು. ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೋ 1995ರಲ್ಲಿ ಶುರು. ಸರ್ಕಾರ, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ರೋಟರಿಯಂಥ ಕ್ಲಬ್ಬುಗಳು, ಎನ್‌ಎಸ್‌ಎಸ್ ಹುಡುಗ ಹುಡುಗಿಯರು, ಎಲ್ಲರೂ ಸೇರಿದ್ರು.

ಭಾನುವಾರ ಬೂತ್‌ನಲ್ಲಿ ಎರಡು ಹನಿ ಹಾಕಿ, ಎಡಗೈ ಕಿರುಬೆರಳಿಗೆ ಶಾಯಿ ಹಚ್ಚಿದ್ದು ನಿಮಗೂ ನೆನಪಿರಬಹುದು. ಆದ್ರೆ ಗೆದ್ದಿದ್ದು ಭಾನುವಾರ ಅಲ್ಲ, ಸೋಮವಾರದಿಂದ. ತಂಡಗಳು ಮನೆಮನೆಗೆ ಹೋಗಿ, ಎಲ್ಲ ಮಕ್ಕಳಿಗೂ ಹನಿ ಬಿದ್ದಿದ್ರೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ‘ಪಿ’ ಅಂತ ಬರೀತಿದ್ರು. ಬೀಗ ಹಾಕಿದ್ರೆ, ಮಗು ಊರಲ್ಲಿ ಇಲ್ಲದಿದ್ರೆ, ಬೇಡ ಅಂದ್ರೆ, ‘ಎಕ್ಸ್’. ಆ ಎಕ್ಸ್ ಮನೆಗಳಿಗೆ ಮತ್ತೆ ಹೋಗ್ತಿದ್ರು.

2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಒಂದು ಮಗುವಿನಲ್ಲಿ ಕಂಡಿದ್ದೇ ದೇಶದ ಕೊನೆಯ ವೈಲ್ಡ್ ಪೋಲಿಯೋ ಪ್ರಕರಣ. 2014ರ ಮಾರ್ಚ್ 27ಕ್ಕೆ ಪ್ರಮಾಣಪತ್ರ ಬಂತು. ಅದನ್ನ ತಂದುಕೊಟ್ಟಿದ್ದು ಆ ಎಕ್ಸ್ ಮನೆಗಳು, ಅಂದ್ರೆ ಅಲ್ಲಿಗೆ ಎರಡನೇ ಸಲ, ಮೂರನೇ ಸಲ ನಡೆದ ಕಾಲುಗಳು.

6/7
ಈಗ ಗುಡಿ ಫೋಟೋ.

ಆ ಕಾಲದ ಕನ್ನಡ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರೋ ಒಂದು ಮಾತಿದೆ: ಖಂಡಸ್ಫುಟಿತ ಜೀರ್ಣೋದ್ಧಾರ. ಮುರಿದಿದ್ದು, ಬಿರುಕು ಬಿಟ್ಟಿದ್ದು, ಹಳತಾಗಿದ್ದು ಇದನ್ನೆಲ್ಲ ಸರಿ ಮಾಡೋದು ಅಂತ ಅರ್ಥ. ಗುಡಿ ಕಟ್ಟಿಸಿದೋರು ದೇವರ ಪೂಜೆಗೆ ಅಂತ ಭೂಮಿ ಬಿಡುವಾಗಲೇ ರಿಪೇರಿಗೂ ಸೇರಿಸಿ ಬಿಡ್ತಿದ್ರು. ಗುಡಿ ಹೊಸದಾಗಿರುವಾಗಲೇ ಅದು ಒಂದಿನ ಬಿರುಕು ಬಿಡುತ್ತೆ ಅಂತ ಕಲ್ಲಲ್ಲಿ ಬರೆಸಿಟ್ಟ ಜನ ಅವರು!

ಕೆರೆಗೂ ಹಾಗೇ. ‘ಬಿತ್ತುವಟ್ಟ’ ಅನ್ನೋ ಪದ ಶಾಸನಗಳಲ್ಲಿ ಸಿಗುತ್ತೆ. ಕೆರೆಯನ್ನ ನೋಡಿಕೊಳ್ಳೋಕೆ ಅಂತಾನೇ ಬಿಟ್ಟ ದತ್ತಿ ಅದು. ಕೆರೆ ಕಟ್ಟಿಸಿದೋರ ಹೆಸರು ನಮಗೆ ಗೊತ್ತು. ಅದರಲ್ಲಿ ನೀರು ನಿಲ್ಲೋ ಹಾಗೆ ವರ್ಷ ವರ್ಷ ಹೂಳು ತೆಗೆದೋರ ಹೆಸರು ಎಲ್ಲೂ ಇಲ್ಲ. ಆದ್ರೆ ಅವರಿಗೆ ಕೂಲಿ ಎಲ್ಲಿಂದ ಬರಬೇಕು ಅಂತ ಶಾಸನದಲ್ಲಿ ಇದೆ.

‘ನನಗಲ್ಲ, ನಿನಗೆ’ ಅನ್ನೋ ಎನ್‌ಎಸ್‌ಎಸ್ ಮಾತು 1969ರದ್ದು ಇರಬಹುದು. ಒಂದು ಸಲ ಮಾಡಿ ಬಿಟ್ರೆ ಅದು ಸೇವೆ ಆಗಲ್ಲ ಅನ್ನೋ ತಿಳುವಳಿಕೆ ಮಾತ್ರ ಈ ಮಣ್ಣಲ್ಲಿ ಬಹಳ ಹಳೇದು.

7/7
ಹಾಗಾದ್ರೆ ಕ್ಯಾಂಪ್ ಬೇಡವಾ? ಖಂಡಿತ ಬೇಕು. ಬೇರೆ ಬೇರೆ ಜಾತಿ, ಬೇರೆ ಬೇರೆ ಊರಿನೋರು ಒಂದೇ ಸಾಲಲ್ಲಿ ಕೂತು ಮುದ್ದೆ ಉಣ್ಣೋದು, ಸರ್ಕಾರಿ ಶಾಲೆ ನೆಲದ ಮೇಲೆ ಒಟ್ಟಿಗೆ ಮಲಗೋದು ಸಣ್ಣ ವಿಷಯ ಅಲ್ಲ. ಆದ್ರೆ ಊರಿನೋರಿಗೆ ನಾವು ನೆಂಟರಾ, ಊರಿನ ಮಕ್ಕಳಾ? ನೆಂಟರು ಏಳು ದಿನ ಇದ್ದು ಹೊರಡ್ತಾರೆ.

ಅದಕ್ಕೆ ಒಂದು ಸಣ್ಣ ಕೆಲಸ ಹೇಳ್ತೀನಿ. ನಿಮ್ಮ ಯೂನಿಟ್ ಈ ವರ್ಷ ಎಲ್ಲೇ ಕ್ಯಾಂಪ್ ಮಾಡಲಿ, ಇನ್ನೂರು ಪೇಜಿನ ಒಂದು ನೋಟ್‌ಬುಕ್ ತಗೊಳ್ಳಿ. ನಾಲ್ಕು ಕಾಲಮ್ ಎಳೀರಿ: ಏನು ಮಾಡಿದ್ವಿ, ಈಗ ಹೇಗಿದೆ, ಊರಲ್ಲಿ ಯಾರನ್ನ ಕೇಳಬೇಕು, ಮತ್ತೆ ಯಾವಾಗ ಬರ್ತೀವಿ. ನಾಲ್ಕನೇ ಕಾಲಮ್ ಖಾಲಿ ಬಿಡಬೇಡಿ. ಫೈನಲ್ ಇಯರ್‌ನೋರು ಹೋಗುವಾಗ ಆ ಪುಸ್ತಕವನ್ನ ಜೂನಿಯರ್ಸ್ ಕೈಗೆ ಕೊಟ್ಟು ಹೋಗಿ. ಬಿತ್ತುವಟ್ಟ ಬಿಡೋಕೆ ನಮ್ಮ ಹತ್ರ ಗದ್ದೆ ಇಲ್ಲ, ವರ್ಷಕ್ಕೆ 70 ಗಂಟೆ ಇದೆ.

ನಿಮ್ಮ ಕಾಲೇಜು ಹೋದ ವರ್ಷ ಯಾವ ಊರಲ್ಲಿ ಕ್ಯಾಂಪ್ ಮಾಡಿತ್ತು? ಅಲ್ಲಿ ನೆಟ್ಟ ಗಿಡ ಎಷ್ಟು ಬದುಕಿವೆ? ಒಂದು ಶನಿವಾರ ಹೋಗಿ ಎಣಿಸಿ, ನನಗೂ ಹೇಳಿ.

#ಮೊಸಳೆ #ಹಾಸನ #ಎನ್‌ಎಸ್‌ಎಸ್ #ನನಗಲ್ಲನಿನಗೆ