ಹೊಸ ಹೆಡ್ ಗ್ಯಾಸ್ಕೆಟ್ ಮತ್ತೆ ಯಾಕೆ ಹೋಗುತ್ತದೆ? ಎಂಜಿನ್ ಜೋಡಿಸುವ ಮುನ್ನ ಗಮನಿಸಬೇಕಾದ್ದು

ಸಾವಿರಾರು ರೂಪಾಯಿ ಕೊಟ್ಟು ಹೆಡ್ ಗ್ಯಾಸ್ಕೆಟ್ ಬದಲಿಸಿದ ಕಾರಿನಲ್ಲಿ ಕೆಲವೇ ತಿಂಗಳಲ್ಲಿ ಮತ್ತೆ ಕೂಲೆಂಟ್ ಕಡಿಮೆಯಾಗತೊಡಗಿದರೆ ದೂರು ಹೋಗುವುದು ಗ್ಯಾಸ್ಕೆಟ್ ಮೇಲೆ. ಎಷ್ಟೋ ಸಲ ತಪ್ಪು ಅದರದ್ದಲ್ಲ, ಅದು ಕೂರುವ ಬ್ಲಾಕ್ ಮತ್ತು ಸಿಲಿಂಡರ್ ಹೆಡ್‌ನ ಮೇಲ್ಮೈಯದ್ದು.

ಉರಿಯುವ ಗ್ಯಾಸ್, ಆಯಿಲ್, ಕೂಲೆಂಟ್ ಒಂದಕ್ಕೊಂದು ಬೆರೆಯದಂತೆ ತಡೆಯುವುದು ಈ ತೆಳು ಗ್ಯಾಸ್ಕೆಟ್. ಹಲವು ಎಂಜಿನ್‌ಗಳಲ್ಲಿ ಬ್ಲಾಕ್ ಎರಕದ ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂನದ್ದು. ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ಎಂಜಿನ್ ಕಾದು ತಣಿದಾಗಲೆಲ್ಲ ಹೆಡ್ ಗ್ಯಾಸ್ಕೆಟ್ ಮೇಲೆ ತುಸು ಜಾರುತ್ತದೆ. ಮೇಲ್ಮೈ ಒರಟಾಗಿದ್ದರೆ ಗ್ಯಾಸ್ಕೆಟ್‌ನ ಲೇಪನ ಸವೆಯುತ್ತದೆ. ಈಗಿನ ಬಹುಪದರ ಸ್ಟೀಲ್ ಗ್ಯಾಸ್ಕೆಟ್‌ಗಳಿಗಂತೂ ಹಳೆಯವಕ್ಕಿಂತ ನುಣುಪಾದ ಮೇಲ್ಮೈ ಬೇಕು.

ದೊಡ್ಡ ಎಡವಟ್ಟು ಆಗುವುದು ಹಳೆಯ ಗ್ಯಾಸ್ಕೆಟ್ ಕೆರೆಯುವಾಗ. ಗಾಳಿಯಲ್ಲಿ ತಿರುಗುವ ಗ್ರೈಂಡರ್‌ಗೆ ಎಮರಿ ಡಿಸ್ಕ್ ಹಾಕಿ ಉಜ್ಜಿದರೆ ಎರಡೇ ನಿಮಿಷದಲ್ಲಿ ಹೆಡ್ ಫಳಫಳ ಹೊಳೆಯುತ್ತದೆ, ನಿಜ. ಆದರೆ ಡಿಸ್ಕ್ ಒಂದೇ ಕಡೆ ಕೆಲವು ಸೆಕೆಂಡು ನಿಂತರೂ ಮೆತ್ತನೆಯ ಅಲ್ಯೂಮಿನಿಯಂನಲ್ಲಿ ಕಣ್ಣಿಗೆ ಕಾಣದ ತಗ್ಗು ಬೀಳುತ್ತದೆ. ಅದಕ್ಕಿಂತ ಕೆಟ್ಟದ್ದು ಡಿಸ್ಕ್‌ನಿಂದ ಉದುರುವ ಪುಡಿ. ಅದು ಆಯಿಲ್ ದಾರಿಗೆ ಸೇರಿ ಬೇರಿಂಗ್‌ಗಳನ್ನು ತಿಂದುಹಾಕುತ್ತದೆ. ಇಂಥ ಡಿಸ್ಕ್ ಬಳಸಬೇಡಿ ಎಂದು ಜನರಲ್ ಮೋಟಾರ್ಸ್ ಸರ್ವಿಸ್ ಬುಲೆಟಿನ್ ಮೂಲಕವೇ ತನ್ನ ವರ್ಕ್‌ಶಾಪ್‌ಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಗ್ಯಾಸ್ಕೆಟ್ ರಿಮೂವರ್ ದ್ರಾವಣ ಹಚ್ಚಿ ನೆನೆಯಲು ಬಿಟ್ಟು, ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಕೆರೆದು, ನೂಲು ಬಿಡದ ಬಟ್ಟೆಯಿಂದ ಒರೆಸುವುದು ನಿಧಾನದ ಕೆಲಸ. ಆದರೂ ಅದೇ ಸರಿ. ಕೆರೆಯುವ ಮುನ್ನ ಸಿಲಿಂಡರ್ ಮತ್ತು ಆಯಿಲ್ ತೂತುಗಳನ್ನು ಮುಚ್ಚಿರಬೇಕು.

ಮುಂದಿನದು ಅಳತೆ. ಸ್ಟ್ರೈಟ್ ಎಡ್ಜ್ ಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಎರಡೂ ಕರ್ಣಗಳ ಮೇಲೆ ಇಟ್ಟು ಅಡಿಯಲ್ಲಿ ಫೀಲರ್ ಗೇಜ್ ತೂರಿಸಿ ನೋಡಬೇಕು. ಎಷ್ಟು ಸೊಟ್ಟವಿದ್ದರೆ ಪರವಾಗಿಲ್ಲ ಎಂಬುದನ್ನು ಆಯಾ ಎಂಜಿನ್‌ನ ಸರ್ವಿಸ್ ಮ್ಯಾನ್ಯುಯಲ್ ಹೇಳುತ್ತದೆ. ಹಲವು ಕಾರುಗಳಲ್ಲಿ ಮಿತಿ 0.05ರಿಂದ 0.1 ಮಿಲಿಮೀಟರ್ ಒಳಗೇ ಇರುತ್ತದೆ. ಬ್ಲಾಕ್ ಅನ್ನೂ ಹೀಗೇ ಅಳೆಯಬೇಕು, ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ.

ಮಿತಿ ದಾಟಿದರೆ ಮಷಿನ್ ಶಾಪ್‌ನಲ್ಲಿ ಫೇಸಿಂಗ್ ಮಾಡಿಸಬೇಕು. ಹಾಗೆಂದು ಮನಬಂದಷ್ಟು ಕೆತ್ತಿಸುವಂತಿಲ್ಲ. ಲೋಹ ತೆಗೆದಷ್ಟೂ ಕಂಪ್ರೆಷನ್ ಏರುತ್ತದೆ, ವಾಲ್ವ್ ಮತ್ತು ಪಿಸ್ಟನ್ ನಡುವಿನ ಅಂತರ ಇಳಿಯುತ್ತದೆ. ಡೀಸೆಲ್ ಎಂಜಿನ್‌ಗಳಲ್ಲಿ ಈ ಅಂತರ ಮೊದಲೇ ಕಡಿಮೆ.

ಕೊನೆಗೆ ಬೋಲ್ಟ್ ತೂತುಗಳು. ತಳ ಮುಚ್ಚಿದ ತೂತಿನಲ್ಲಿ ಆಯಿಲ್ ಅಥವಾ ನೀರು ಉಳಿದಿದ್ದರೆ ಬೋಲ್ಟ್ ಬಿಗಿದಂತೆ ಅದಕ್ಕೆ ಜಾಗವಿಲ್ಲದೆ ಒತ್ತಡ ಏರಿ ಬ್ಲಾಕೇ ಸೀಳಬಹುದು. ಥ್ರೆಡ್‌ನಲ್ಲಿ ಕೊಳೆ ಇದ್ದರೆ ಟಾರ್ಕ್ ರೆಂಚ್ ಸರಿಯಾದ ಅಂಕಿ ತೋರಿಸಿದರೂ ಹೆಡ್ ಸಾಕಷ್ಟು ಬಿಗಿಯಾಗಿರುವುದಿಲ್ಲ. ಥ್ರೆಡ್ ಸ್ವಚ್ಛ ಮಾಡಿ, ಗಾಳಿ ಹಾಯಿಸಿ ಒಣಗಿಸಬೇಕು. ಬಿಗಿದಾಗ ಹಿಗ್ಗುವ ಮಾದರಿಯ ಬೋಲ್ಟ್‌ಗಳಿದ್ದರೆ ಹೊಸದನ್ನೇ ಹಾಕಬೇಕು.