ಹಂಪಿ ಬಜಾರಿನ ಜನ ಎಲ್ಲಿ ಹೋದರು?

ರಾಣೆಬೆನ್ನೂರು ತಾಲೂಕಿನ ಚೌಡದಾನಪುರದಲ್ಲಿ, ತುಂಗಭದ್ರೆಯ ದಡದಲ್ಲಿ, ಮುಕ್ತೇಶ್ವರ ಗುಡಿಯಿದೆ. ಕುಸುರಿ ಕೆಲಸದಲ್ಲಿ ಅದು ಯಾವ ಹೆಸರಾಂತ ಗುಡಿಗೂ ಕಡಿಮೆಯಿಲ್ಲ. ನೋಡಲು ಬರುವವರು ಮಾತ್ರ ಕಡಿಮೆ. ಊರಿನವರು ಊರಲ್ಲೇ ಇದ್ದಾರೆ. ಅದೇ ಹೊಳೆ ಕೆಳಗೆ ಹರಿದು ಹಂಪಿಯನ್ನು ಮುಟ್ಟುತ್ತದೆ. ಅಲ್ಲಿ ಬರುವವರು ಹೆಚ್ಚಾದರು, ಇದ್ದವರು ಊರು ಬಿಡಬೇಕಾಯಿತು.

ಪ್ರವಾಸಿಗರ ದಟ್ಟಣೆಯಿಂದ ಸ್ಥಳೀಯರ ಬದುಕು ಹದಗೆಡುವುದು ಈಗ ಜಗತ್ತಿನ ಚರ್ಚೆ. ವೆನಿಸ್ ನಗರ 2024ರಿಂದ ಕೆಲವು ನಿಗದಿತ ದಿನಗಳಲ್ಲಿ, ಬಂದು ಅಂದೇ ಹೋಗುವವರಿಂದ ಪ್ರವೇಶ ಶುಲ್ಕ ಪಡೆಯುತ್ತಿದೆ. ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಮನೆಗಳ ಪರವಾನಗಿಯನ್ನು 2028ರೊಳಗೆ ಕೊನೆಗೊಳಿಸುವುದಾಗಿ ಬಾರ್ಸಿಲೋನಾ ಘೋಷಿಸಿದೆ. ಅಲ್ಲಿ ನಿವಾಸಿಗಳನ್ನು ಹೊರದೂಡುತ್ತಿರುವುದು ಬಾಡಿಗೆ. ಹಂಪಿಯಲ್ಲಿ ಆ ಕೆಲಸವನ್ನು ಮಾಡಿದ್ದು ಬುಲ್ಡೋಜರ್, ಅದೂ ಪರಂಪರೆಯ ರಕ್ಷಣೆಯ ಹೆಸರಿನಲ್ಲಿ.

ವಿರೂಪಾಕ್ಷ ಗುಡಿಯ ಮುಂದಿನ ಬೀದಿ ಹುಟ್ಟಿದ್ದೇ ಹೊರಗಿನಿಂದ ಬರುವವರಿಗಾಗಿ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ಈ ಬೀದಿಯ ಮೊಗಸಾಲೆಗಳಲ್ಲಿ ಯಾತ್ರಿಕರು ತಂಗುತ್ತಿದ್ದುದನ್ನೂ ದೊಡ್ಡವರಿಗೆ ಬೇರೆ ಬಿಡಾರಗಳಿದ್ದುದನ್ನೂ ಬರೆದಿಟ್ಟಿದ್ದಾನೆ. ಅದಕ್ಕೂ ಮೊದಲು, 1443ರಲ್ಲಿ, ತೈಮೂರ್ ವಂಶದ ಶಾಹ್‌ರುಖ್‌ನ ರಾಯಭಾರಿ ಅಬ್ದುರ್ರಝಾಕ್ ಇಲ್ಲಿನ ಅಂಗಡಿ ಬೀದಿಗಳನ್ನೂ ಅಲ್ಲಿನ ಗುಲಾಬಿ ವ್ಯಾಪಾರವನ್ನೂ ಕಂಡು ಬೆರಗಾಗಿದ್ದ. ಎರಡನೆಯ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿ ಇಂದಿಗೂ ನಿಂತಿದೆ. ಗುಮ್ಮಟವಿಲ್ಲದ ಆ ಕಟ್ಟಡ ನೋಡಲು ಮಂಟಪದಂತೆಯೇ ಇದೆ. ಶಾಸನ ಅದನ್ನು ಧರ್ಮಸಾಲೆ ಎನ್ನುತ್ತದೆ. ಮುಸಾಫಿರನಿಗೆ ಝಕಾತಿನಲ್ಲೇ ಪಾಲಿಟ್ಟ ಧರ್ಮದ ಅನುಯಾಯಿಗೆ ಈ ಹೆಸರು ಪರಕೀಯ ಎನಿಸಿರಲಾರದು. ಹಂಪಿಯೆಂದರೆ 1565ರ ಯುದ್ಧವೊಂದೇ ಎಂದು ಹೇಳುವವರು ಈ ಕಟ್ಟಡದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ಯುದ್ಧದ ನಂತರ ರಾಜಧಾನಿ ಬರಿದಾದರೂ ವಿರೂಪಾಕ್ಷನ ಪೂಜೆ ನಿಲ್ಲಲಿಲ್ಲ, ಜಾತ್ರೆಗೆ ಬರುವ ಜನವೂ ನಿಲ್ಲಲಿಲ್ಲ. ಕಾಲಾನಂತರದಲ್ಲಿ ಕಲ್ಲುಮಂಟಪಗಳಿಗೆ ಗೋಡೆಯೆತ್ತಿ ಕುಟುಂಬಗಳು ನೆಲೆಸಿದವು. 1986ರಲ್ಲಿ ಯುನೆಸ್ಕೋ ಹಂಪಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ವಿದೇಶಿಯರು ಹೆಚ್ಚಿದಂತೆ ಹೂವು, ಕಾಯಿ ಮಾರುತ್ತಿದ್ದ ಬೀದಿಯಲ್ಲಿ ಖಾನಾವಳಿ, ಬಾಡಿಗೆ ಕೋಣೆ, ಬಟ್ಟೆ ಅಂಗಡಿಗಳೆದ್ದವು. ಇದರಿಂದ ಮಂಟಪಗಳಿಗೆ ಹಾನಿಯಾಯಿತೆಂಬುದು ಸುಳ್ಳಲ್ಲ. ಆದರೆ ಪ್ರವಾಸಿಗರನ್ನು ಕರೆದದ್ದು ಸರ್ಕಾರ. ಬಂದವರಿಗೆ ಚಹಾ ಕೊಟ್ಟು, ಮಲಗಲು ಚಾಪೆ ಹಾಸಿಕೊಟ್ಟವರು ಅತಿಕ್ರಮಣಕಾರರಾದರು.

2011ರ ಜುಲೈ 29ರಂದು ತೆರವು ನಡೆಯಿತು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳ ನೆಲೆ ತಪ್ಪಿತು. ಸಾಮಾನು ಸಾಗಿಸಿಕೊಳ್ಳಲೂ ಅವರಿಗೆ ಸರಿಯಾದ ಕಾಲಾವಕಾಶ ಸಿಗಲಿಲ್ಲ. 2020ರಲ್ಲಿ, ಸುಪ್ರೀಂ ಕೋರ್ಟಿನ ತೀರ್ಪಿನ ಬಳಿಕ, ಹೊಳೆಯಾಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟುಗಳೂ ನೆಲಸಮವಾದವು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ: ಗಡ್ಡೆಯಲ್ಲಿ ಇದ್ದದ್ದು ಹೆಚ್ಚಾಗಿ ವ್ಯಾಪಾರ, ಬಜಾರಿನಲ್ಲಿ ಇದ್ದದ್ದು ಒಂದು ಊರು. ವ್ಯಾಪಾರವನ್ನು ಬೇರೆಡೆಗೆ ಸಾಗಿಸಬಹುದು. ಗುಡಿಯ ಗಂಟೆ ಕೇಳಿ ಏಳುತ್ತಿದ್ದ, ತೇರಿನ ದಿನ ಬಾಗಿಲಲ್ಲಿ ನಿಂತು ಹಣ್ಣು ಎಸೆಯುತ್ತಿದ್ದ ನೆರೆಹೊರೆಯನ್ನು ಪುನರ್ವಸತಿಯ ಪಟ್ಟಿಯಲ್ಲಿ ಬರೆಯಲು ಕಾಲಂ ಇಲ್ಲ.

ತೆರವಿನಿಂದ ಪ್ರವಾಸಿಗರ ದಟ್ಟಣೆಯೇನೂ ಇಳಿಯಲಿಲ್ಲ. ಸರ್ಕಾರವೇ ನಡೆಸುವ ಹಂಪಿ ಉತ್ಸವಕ್ಕೆ ಜನಸಾಗರ ಸೇರುತ್ತದೆ. ಕೋಣೆ ಬಾಡಿಗೆಯ ಹಣ ಹೊಸಪೇಟೆಯ ಹೋಟೆಲುಗಳ ಪಾಲಾಗುತ್ತದೆ.

ಬಜಾರಿನವರ ಪುನರ್ವಸತಿಗೆ ಗುರುತಿಸಿದ್ದು ಕೆಲವೇ ಕಿಲೋಮೀಟರ್ ದೂರದ ಕಡ್ಡಿರಾಂಪುರವನ್ನು. ಬಹಮನಿ ಶೈಲಿಯ ಗುಮ್ಮಟಗಳಿರುವ ಎರಡು ಹಳೆಯ ಗೋರಿಗಳು ಆ ಊರಿನಲ್ಲಿವೆ. ದೂರದಿಂದ ಬಂದು ವಿಜಯನಗರದಲ್ಲಿ ನೆಲೆ ಕಂಡ ಸಮುದಾಯದ ಗುರುತುಗಳವು. ಐದು ಶತಮಾನಗಳ ನಂತರ ಅದೇ ಊರಿಗೆ, ಹಂಪಿಯಲ್ಲೇ ಹುಟ್ಟಿದವರು ನಿವೇಶನದ ಚೀಟಿ ಹಿಡಿದು ಬಂದರು.