ತೊರವಿ ದಾರಿ ಮತ್ತು ಹೊಲದಾಗಿನ ಸುರಂಗ ಬಾವಿ

ಸಿದ್ಧೇಶ್ವರ ಗುಡಿಗೆ ಬಂದವರು ಬಹಳ ಅಂದ್ರ ಗೋಳಗುಮ್ಮಟ ನೋಡಿ ಊರಿಗೆ ಹೊಳ್ಳತಾರ. ಎರಡು ತಾಸು ಬಿಡುವಿದ್ರ ಬೈಕ್ ಪಶ್ಚಿಮಕ್ಕ ತಿರುವ್ರಿ. ಅಥಣಿ ರಸ್ತೆ ಹಿಡಿದ್ರ ಸುಮಾರು 6 ಕಿ.ಮೀ.ಗೆ ತೊರವಿ. ಅಲ್ಲಿ ಲಕ್ಷ್ಮೀ ನರಸಿಂಹನ ಗುಡಿ ಐತಿ. ತೊರವೆ ರಾಮಾಯಣಕ್ಕ ಹೆಸರು ಬಂದದ್ದು ಇದೇ ಊರಿಂದ.

ಅದರ ಹತ್ತಿರನ ನವರಸಪುರ. 1599ರಲ್ಲಿ ಎರಡನೇ ಇಬ್ರಾಹಿಂ ಆದಿಲ್‌ಶಾಹ ಇಲ್ಲಿ ಹೊಸ ಪಟ್ಟಣ ಕಟ್ಟಿಸಾಕ ಸುರು ಮಾಡಿದ. ಪೂರ್ತಿ ಆಗೋದರೊಳಗ, 1624ರಲ್ಲಿ, ಮಲಿಕ್ ಅಂಬರನ ದಂಡು ಹಾಳು ಮಾಡಿತು. ಈಗ ಸಂಗೀತ ಮಹಲ್, ಮುರುಕು ಗೋಡೆ ಉಳಿದಾವ.

ಆದ್ರ ಆ ಕಾಲದ ದೊಡ್ಡ ಕೆಲಸ ನೆಲದ ಕೆಳಗೈತಿ. ತೊರವಿ ಕಡೆಯ ನೀರು ಸುರಂಗದಾಗ ವಿಜಯಪುರಕ್ಕ ಹರೀತಿತ್ತು. ಪಂಪ್ ಇಲ್ಲ, ಕರೆಂಟ್ ಇಲ್ಲ, ಇಳಿಜಾರಷ್ಟೇ. ಹೂಳು ತೆಗಿಯಾಕ, ಗಾಳಿ ಆಡಾಕ ನಡುನಡುವೆ ಬಾವಿ ತೋಡಿದ್ರು. ಅವುಗಳಲ್ಲಿ ಕೆಲವು ಇವತ್ತು ರೈತರ ಹೊಲದಾಗ ಅದಾವ.

ಹಾಳು ಬಾವಿ ಅಂತ ಕಲ್ಲು ಮಣ್ಣು ತುಂಬಿ ಟ್ರ್ಯಾಕ್ಟರ್ ಹೊಡಿಬ್ಯಾಡ್ರಿ. ಒಂದು ಕಡೆ ಮುಚ್ಚಿದ್ರ ಹೂಳು ತೆಗಿಯೋ ದಾರೀನ ಹೋತು, ಮುಂದಿನ ನೀರೂ ನಿಂತಿತು. ದನಕರ ಬೀಳಧಂಗ ಬಾಯಿ ಸುತ್ತ ಮುಳ್ಳಬೇಲಿ ಹಾಕಿದ್ರ ಸಾಕು. ಬರದ ನಾಡಾಗ ನೀರಿನ ದಾರಿ ಉಳಿಸೋದು ನಮ್ಮ ಕೆಲಸಾನ ಅಲ್ಲೇನ್ರಿ?